1,23,45,67,890: ಹಣೆಪಟ್ಟಿ ಹಚ್ಚುವ ಮೊದಲು ಅಪವರ್ತನ ನೋಡಿ

ಒಂದು ಪೂರ್ಣಸಂಖ್ಯೆ ಕೊಟ್ಟರೆ ಅದರ ಗುಣಗಳನ್ನೆಲ್ಲ ಲೆಕ್ಕ ಹಾಕಿ ಕೊಡುವ ಪ್ರೋಗ್ರಾಂಗಳನ್ನು ಪರೀಕ್ಷಿಸುವವರು 1,23,45,67,890 ಅನ್ನು ಒಮ್ಮೆ ಹಾಕಿ ನೋಡಲೇಬೇಕು. ನೋಡಲು ಸರಳ, ಆದರೆ ಎಡವಿಸುವ ಜಾಗಗಳು ಇದರಲ್ಲಿ ಬೇಕಾದಷ್ಟಿವೆ.

ಕೊನೆಯ ಅಂಕಿ 0, ಹಾಗಾಗಿ 2 ಮತ್ತು 5 ಸಿಕ್ಕವು. ಅಂಕಿಗಳ ಮೊತ್ತ 45, ಹಾಗಾಗಿ 9 ಸಿಕ್ಕಿತು. 90ರಿಂದ ಭಾಗಿಸಿದರೆ ಉಳಿಯುವುದು 1,37,17,421. ಮೊದಲ ತಪ್ಪು ಆಗುವುದು ಇಲ್ಲೇ. ಸಾವಿರದೊಳಗಿನ ಅವಿಭಾಜ್ಯಗಳ ಪಟ್ಟಿಯನ್ನಷ್ಟೇ ಇಟ್ಟುಕೊಂಡ ಪ್ರೋಗ್ರಾಂ ಇದನ್ನು ಭಾಗಿಸಲಾಗದೆ ‘ಅವಿಭಾಜ್ಯ’ ಎಂದುಬಿಡುತ್ತದೆ. ಅಪವರ್ತನಗಳನ್ನು ಮತ್ತೆ ಗುಣಿಸಿ ನೋಡಿದರೂ ಮೂಲ ಸಂಖ್ಯೆಯೇ ಬರುವುದರಿಂದ ತಪ್ಪು ಹೊರಬೀಳುವುದಿಲ್ಲ. ಪ್ರತಿ ಅಪವರ್ತನವೂ ಅವಿಭಾಜ್ಯವೇ ಎಂದು ಬೇರೆಯಾಗಿ ಪರೀಕ್ಷಿಸಲೇಬೇಕು. ಉಳಿದ ಸಂಖ್ಯೆಯ ವರ್ಗಮೂಲ 3703 ದಾಟಿ 3704ರ ಒಳಗಿದೆ, ಹಾಗಾಗಿ 3703ರವರೆಗೆ ಭಾಗಿಸುತ್ತ ಹೋದರೆ ಸಾಕು. 3607ಕ್ಕೆ ಬಂದಾಗ ಶೇಷ ಸೊನ್ನೆ, ಭಾಗಲಬ್ಧ 3803. ಅಷ್ಟರಲ್ಲಿ ಐನೂರಕ್ಕೂ ಹೆಚ್ಚು ಅವಿಭಾಜ್ಯಗಳನ್ನು ದಾಟಿರುತ್ತೇವೆ.

ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವ ಫರ್ಮಾನ ವಿಧಾನದಲ್ಲಿ ಇದೇ ಕೆಲಸ ಎರಡೇ ಹೆಜ್ಜೆ. 3704ರ ವರ್ಗದಿಂದ 1,37,17,421 ಕಳೆದರೆ 2195, ಇದು ವರ್ಗಸಂಖ್ಯೆಯಲ್ಲ. 3705ರ ವರ್ಗದಿಂದ ಕಳೆದರೆ 9604, ಅಂದರೆ 98ರ ವರ್ಗ. 3705−98 ಮತ್ತು 3705+98, ಎರಡೂ ಅಪವರ್ತನಗಳು ಕೈಗೆ ಬಂದವು. ಎಷ್ಟು ಸೊಗಸಾದ ವಿಧಾನ! ಆದರೆ ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ಈ ವೇಗ. ದೂರವಿದ್ದರೆ ಒಂದೊಂದಾಗಿ ಭಾಗಿಸುವುದಕ್ಕಿಂತಲೂ ನಿಧಾನ.

ಈಗ 2 × 3² × 5 × 3607 × 3803 ಖಚಿತ. ಘಾತಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ ಭಾಜಕಗಳು 48. ಮೇಲಿನ ತಪ್ಪು ಮಾಡಿದ್ದರೆ 24 ಬರುತ್ತಿತ್ತು. ಆಯ್ಲರ್ ಫೈ (ಈ ಸಂಖ್ಯೆಯೊಳಗೆ, ಇದರೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳ ಎಣಿಕೆ) 1×6×4×3606×3802, ಅಂದರೆ 32,90,40,288. ಇಲ್ಲಿ 3²ಕ್ಕೆ 6 ಬರಬೇಕು. ಘಾತ ಮರೆತವರು 2 ಹಾಕುತ್ತಾರೆ, ಉತ್ತರ ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಭಾಜಕಗಳ ಮೊತ್ತ 3×13×6×3608×3804, ಅಂದರೆ 3,21,16,10,688. ಇದು ಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು, ಹಾಗಾಗಿ ಇದು ಅಬಂಡೆಂಟ್ ಸಂಖ್ಯೆ. ಅತಿ ಸೂಕ್ಷ್ಮವಾದ ತಪ್ಪು ಅಡಗಿರುವುದು ಈ ಮೊತ್ತದಲ್ಲಿ. ಧನ, ಋಣ ಎರಡನ್ನೂ ಇಡುವ ಚಿಹ್ನೆಸಹಿತ 32 ಬಿಟ್‌ನಲ್ಲಿ ಹಿಡಿಯುವ ಗರಿಷ್ಠ ಬೆಲೆ 2,14,74,83,647. ನಮ್ಮ ಸಂಖ್ಯೆ ಅದರೊಳಗೆ ಹಿಡಿಯುತ್ತದೆ, ಮೊತ್ತ ಹಿಡಿಯುವುದಿಲ್ಲ. ಜಾವಾ ಭಾಷೆಯಲ್ಲಿ ಅದು ಮಿತಿ ದಾಟಿ ಋಣ ಬದಿಗೆ ಸುತ್ತಿಕೊಂಡು −1,08,33,56,608 ಆಗುತ್ತದೆ. ಇದನ್ನು ಸಂಖ್ಯೆಯಿಂದ ಭಾಗಿಸಿ 2ರ ಜೊತೆ ಹೋಲಿಸುವ ಪ್ರೋಗ್ರಾಂ ‘ಡಿಫಿಶಿಯೆಂಟ್’ (ಮೊತ್ತ ಎರಡರಷ್ಟಕ್ಕಿಂತ ಕಡಿಮೆ) ಎನ್ನುತ್ತದೆ. ಮೊತ್ತದಿಂದ ಸಂಖ್ಯೆಯನ್ನೇ ಕಳೆದು, ಉಳಿದದ್ದು ಸಂಖ್ಯೆಗಿಂತ ದೊಡ್ಡದೇ ಎಂದು ನೋಡುವ ಪ್ರೋಗ್ರಾಂನಲ್ಲಿ ಇನ್ನೊಮ್ಮೆ ಸುತ್ತಿಕೊಂಡು 1,97,70,42,798 ಎಂಬ ಸರಿಯಾದ ಉತ್ತರವೇ ಬರುತ್ತದೆ! ‘ಅಬಂಡೆಂಟ್’ ಎಂಬ ಹಣೆಪಟ್ಟಿ ಸರಿ, ಮೊತ್ತ ತಪ್ಪು. ಹಣೆಪಟ್ಟಿಯನ್ನಷ್ಟೇ ನೋಡುವ ಪರೀಕ್ಷೆಗೆ ಇದು ಎಂದೂ ಸಿಕ್ಕಿಬೀಳುವುದಿಲ್ಲ. ಮೊತ್ತ ಇಡುವ ಚಲಕವನ್ನು (ವೇರಿಯಬಲ್) ಮೊದಲಿನಿಂದಲೇ 64 ಬಿಟ್ ಮಾಡಿ, ಮೊತ್ತವನ್ನೂ ಪರೀಕ್ಷೆಯಲ್ಲಿ ಸೇರಿಸಿ.

ಉಳಿದವು ಸುಲಭ. 9ರಿಂದ ಭಾಗವಾಗುವುದರಿಂದ ಮೋಬಿಯಸ್ ಬೆಲೆ (ಯಾವುದೇ ಅವಿಭಾಜ್ಯದ ವರ್ಗದಿಂದ ಭಾಗವಾದರೆ ಸೊನ್ನೆಯಾಗುವ ಬೆಲೆ) 0. 3607, 3803 ಎರಡೂ 4ರಿಂದ ಭಾಗಿಸಿದಾಗ 3 ಉಳಿಸುತ್ತವೆ, ಘಾತವೂ ಬೆಸ, ಹಾಗಾಗಿ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. ತನ್ನದೇ ಅಂಕಿಗಳ ಮೊತ್ತವಾದ 45ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಭಾರತದ ಗಣಿತಜ್ಞ ಕಾಪ್ರೇಕರ್ ಹೆಸರಿಟ್ಟ ಹರ್ಷದ್ ಸಂಖ್ಯೆಯೂ ಹೌದು. ಆದರೆ ಹರ್ಷದ್ ಗುಣ ಹತ್ತರ ಪದ್ಧತಿಯ ಬರವಣಿಗೆಗೆ ಅಂಟಿಕೊಂಡದ್ದು, ಪಟ್ಟಿಯಲ್ಲಿ ಅದನ್ನು ಅಪವರ್ತನದಿಂದ ಬಂದ ಗುಣಗಳ ಜೊತೆ ಬೆರೆಸದೆ ಬೇರೆಯೇ ಇಡಿ.