ನಿಮ್ಮಮ್ಮ ತಗೊಳ್ಳೋ ಕಣ್ಣಿನ ಮಾತ್ರೆ ನಾವೂ ತಗೊಳ್ಳಬಹುದಾ?

ನಮ್ಮ ಮನೆಗೆ ಬಂದವರು ಊಟದ ಟೇಬಲ್ ಮೇಲಿರುವ ಅಮ್ಮನ ಮಾತ್ರೆ ಡಬ್ಬಿ ಎತ್ತಿ ನೋಡುತ್ತಾರೆ. "ಕಣ್ಣಿಗೆ ಒಳ್ಳೇದಂತೆ, ನಾವೂ ಶುರು ಮಾಡೋಣ್ವಾ?" ಅಂತ ಕೇಳುತ್ತಾರೆ. ಕಣ್ಣಿನ ಡಾಕ್ಟರು ರೆಟಿನಾ ನೋಡಿ ಬರೆದುಕೊಡದಿದ್ದರೆ ಬೇಡ, ಇದೇ ನನ್ನ ಉತ್ತರ.

ಅಮ್ಮನಿಗಿರುವುದು ವಯಸ್ಸಾದ ಮೇಲೆ ಬರುವ ಮ್ಯಾಕ್ಯುಲಾ ಸವೆತ. ಕಣ್ಣಿನ ಹಿಂಭಾಗದ ಪರದೆ ರೆಟಿನಾ, ಅದರ ನಟ್ಟನಡುವಿನ ಪುಟ್ಟ ಜಾಗ ಮ್ಯಾಕ್ಯುಲಾ. ಓದೋದು, ಮುಖ ಗುರುತು ಹಿಡಿಯೋದು, ಸೂಜಿಗೆ ದಾರ ಪೋಣಿಸೋದು ಎಲ್ಲ ಅದರಿಂದಲೇ. ಇದು ಪೊರೆ ಅಲ್ಲ, ಪೊರೆ ತೆಗೆಸಿದರೆ ಹೋಗುವುದಿಲ್ಲ.

ಆ ಮಾತ್ರೆ ಸುಮ್ನೆ ಬಂದಿದ್ದಲ್ಲ. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ, 2001ರಲ್ಲಿ ಏರೆಡ್ಸ್ ಅನ್ನುವ ಅಧ್ಯಯನದ ಫಲಿತಾಂಶ ಹೇಳಿತು. ವಿಟಮಿನ್ ಸಿ, ವಿಟಮಿನ್ ಇ, ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್, ಜಿಂಕ್, ಸ್ವಲ್ಪ ತಾಮ್ರ, ಇವನ್ನು ಒಟ್ಟಿಗೆ ತಗೊಂಡವರಲ್ಲಿ ಕಾಯಿಲೆ ಕೊನೆಯ ಹಂತಕ್ಕೆ ಹೋಗುವ ಅಪಾಯ ಸುಮಾರು 25% ಕಡಿಮೆಯಾಯಿತು. ಆದರೆ ಯಾರಲ್ಲಿ? ಕಾಯಿಲೆ ಮಧ್ಯಮ ಹಂತಕ್ಕೆ ಬಂದವರಲ್ಲಿ, ಇಲ್ಲವೇ ಒಂದು ಕಣ್ಣು ಆಗಲೇ ಕೆಟ್ಟವರಲ್ಲಿ ಮಾತ್ರ. ಕಾಯಿಲೆ ಇಲ್ಲದವರಿಗೆ ಅದು ಬರದಂತೆ ತಡೆಯಲಿಲ್ಲ. ಹೋದ ದೃಷ್ಟಿಯನ್ನು ಈ ಮಾತ್ರೆ ವಾಪಸ್ ತರುವುದೂ ಇಲ್ಲ.

"ವಿಟಮಿನ್ ತಾನೇ, ತಗೊಂಡ್ರೆ ಏನು ನಷ್ಟ?" ಅನ್ನುವವರಿಗೆ ನಾನು 2013ರ ಎರಡನೇ ಅಧ್ಯಯನದ ಬಗ್ಗೆ ಹೇಳುತ್ತೇನೆ. ಅದರಲ್ಲಿ ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಕಂಡಿತು, ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಹಿಂದೆ ಸಿಗರೇಟು ಸೇದಿ ಬಿಟ್ಟವರು. ಹಾಗಾಗಿ ಅದನ್ನು ತೆಗೆದು ಸೊಪ್ಪಿನಲ್ಲಿ ಸಿಗುವ ಲ್ಯೂಟಿನ್, ಜಿಯಾಕ್ಸಾಂಥಿನ್ ಹಾಕಿದರು. ಮೀನೆಣ್ಣೆಯ ಒಮೆಗಾ 3 ಸೇರಿಸಿ ನೋಡಿದರು, ಹೆಚ್ಚಿನ ಲಾಭ ಸಿಗಲಿಲ್ಲ. ಜಿಂಕ್ ಕೂಡ ದಿನಕ್ಕೆ 80 ಮಿಲಿಗ್ರಾಂ, ನಮ್ಮ ಮೈಗೆ ದಿನಾ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಷ್ಟು ಜಿಂಕ್ ಹೋದರೆ ಮೈಯಲ್ಲಿ ತಾಮ್ರ ಕಡಿಮೆಯಾಗಿ ರಕ್ತಹೀನತೆ ಬರಬಹುದು, ಅದಕ್ಕೇ ಆ ಮಾತ್ರೆಯಲ್ಲಿ ತಾಮ್ರವೂ ಇರುವುದು.

ಮಾತ್ರೆಯ ಬದಲು ನಾನು ಎಲ್ಲರಿಗೂ ಕೊಡುವುದು ಚೌಕುಳಿ ಗೆರೆಗಳ ಒಂದು ಹಾಳೆ, ನಡುವೆ ಒಂದು ಚುಕ್ಕಿ. ಆಮ್ಸ್ಲರ್ ಗ್ರಿಡ್ ಅಂತಾರೆ. ನಮ್ಮ ಮನೆಯಲ್ಲಿ ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದೇವೆ. ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಚುಕ್ಕಿ ನೋಡಬೇಕು, ಗೆರೆ ಸೊಟ್ಟ ಕಾಣುತ್ತಾ ಅಂತ ಗಮನಿಸಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಬಿಡುತ್ತದೆ. ಅಮ್ಮನಿಗೆ ಎಡಗಣ್ಣಿನಲ್ಲಿ ಹೀಗೇ ಆಗಿತ್ತು, ನೋವಿಲ್ಲ, ಕೆಂಪಿಲ್ಲ, ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಬಲಗಣ್ಣಿನದು ಈ ಹಾಳೆಯಿಂದ ಸಿಕ್ಕಿತು. ಒಂದು ಬೆಳಗ್ಗೆ "ಗೆರೆ ಯಾಕೋ ಸೊಟ್ಟ ಆಗಿದೆ ಕಣೇ, ಕೈ ಅಲ್ಲಾಡಿ ಹಾಕಿದ ರಂಗೋಲಿ ತರ" ಅಂದಳು. ಮ್ಯಾಕ್ಯುಲಾ ಅಡಿಯಲ್ಲಿ ಹೊಸ ರಕ್ತನಾಳ ಬೆಳೆದು ಸೋರುತ್ತಿತ್ತು. ಆ ನಾಳ ಬೆಳೆಸುವ ವಿಇಜಿಎಫ್ ಅನ್ನುವ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಇದೆ, ಕಣ್ಣಿನೊಳಕ್ಕೇ ಕೊಡುತ್ತಾರೆ. ಅದೇ ವಾರ ಶುರು ಮಾಡಿಸಿದೆವು. ಆ ಕಣ್ಣಿನಿಂದಲೇ ಅಮ್ಮ ಈಗಲೂ ಗೋಡೆ ಕ್ಯಾಲೆಂಡರಿನ ತಿಥಿ ಓದುತ್ತಾಳೆ.