ಸಾರ್ ಮೊದಲು ಮಾತಾಡದಿದ್ದರೆ ಸಾಕು

ಸೋಮವಾರದಿಂದ ಒಂದು ಚೀಟಿ ನನ್ನ ಶರ್ಟಿನ ಜೇಬಿನಲ್ಲೇ ಇದೆ. ಅದರಲ್ಲಿರುವುದು ನಾಲ್ಕೇ ಪದ: 'ಸಾರ್ ಮೊದಲು ಮಾತಾಡದಿದ್ದರೆ ಸಾಕು.'

ಆ ಸಾರ್ ನಾನೇ.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿಸಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ, ನನ್ನ ಕೆಲಸ. ಜನವರಿ ಬಂತೆಂದರೆ ಗೇಟಿನಾಚೆ ತೂಕಕ್ಕೆ ಕಾಯುವ ಪಿಕಪ್‌ಗಳ ಸಾಲು. ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯಿಂದ ಬಂದ ಬೆಳೆಗಾರರು ಊಟ ಬಿಟ್ಟು ಕಾಯುತ್ತಾರೆ, ಬೈಯುತ್ತಾರೆ. ಪ್ರತಿ ಸೋಮವಾರ ಇದರದ್ದೇ ಮೀಟಿಂಗ್. "ಇನ್ನೊಂದು ವೇಬ್ರಿಡ್ಜ್ ಹಾಕಿಸಿದ್ರೆ ಸರಿಹೋಗುತ್ತೆ, ನೀವೇನಂತೀರಿ?" ಎಂದು ನಾನು ಶುರು ಮಾಡುತ್ತೇನೆ. "ಹೌದು ಸಾರ್" ಅನ್ನುತ್ತಾರೆ ಸ್ಟಾಫ್ ಎಲ್ಲ. ಅಕೌಂಟೆಂಟ್ ಮೇಡಂ ಮಾತ್ರ ಸುಮ್ನೆ ಕನ್ನಡಕ ಒರೆಸುತ್ತಾರೆ. ದುಡ್ಡಿಲ್ಲ ಅಂತ ಅರ್ಥ.

ಭಾನುವಾರ ಇಂಥ ಮೀಟಿಂಗ್‌ಗಳ ಬಗ್ಗೆ ಸ್ವಲ್ಪ ಓದಿದೆ. ಎಲ್ಲರೂ ಒಟ್ಟಿಗೆ ಕೂತು ತೋಚಿದ್ದೆಲ್ಲ ಹೇಳುವ 'ಬ್ರೈನ್‌ಸ್ಟಾರ್ಮಿಂಗ್' ಅನ್ನು ಜನಪ್ರಿಯ ಮಾಡಿದವರು ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷೆ ಮಾಡಿ ನೋಡಿದರು. ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಬರೆದದ್ದೇ ಜಾಸ್ತಿ ಇತ್ತಂತೆ. ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕಲ್ಲ, ದೊಡ್ಡ ತೊಂದರೆ ಅದೇ ಎಂದು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಮನೋವಿಜ್ಞಾನಿಗಳು ತೋರಿಸಿದರು. ನಗು ಬಂತು. ನಮ್ಮ ಗೇಟಿನ ಸಾಲು ಮೀಟಿಂಗ್ ರೂಮಿನ ಒಳಗೂ ಇತ್ತು. ಎಲ್ಲರಿಗಿಂತ ಮುಂದೆ ನನ್ನ ಗಾಡಿ!

ಸೋಮವಾರ ಚೀಟಿ ಹಂಚಿದೆ. ಹೆಸರು ಬೇಡ, ಹತ್ತು ನಿಮಿಷ, ತೋಚಿದ್ದು ಬರೆಯಿರಿ ಎಂದೆ. ಒಂದರಲ್ಲಿ 'ಬೋಂಡಾ ತರಿಸಿ' ಅಂತಿತ್ತು. ಇನ್ನೊಂದರಲ್ಲಿ: 'ಮಾಯಿಶ್ಚರ್ ಮೀಟರ್ ಹಿಡ್ಕೊಂಡು ಸಾಲಿಗೇ ಹೋಗೋಣ. ಹಸಿ ಇರೋ ಕಾಫಿಯವರಿಗೆ ಅಲ್ಲೇ ಹೇಳಿದರೆ ಸುಮ್ಮನೆ ಕಾಯೋದು ತಪ್ಪುತ್ತೆ.' ಖರ್ಚು ಸೊನ್ನೆ. ಮೇಡಂ ಕನ್ನಡಕ ಮುಟ್ಟಲೇ ಇಲ್ಲ.

ಆಮೇಲೆ ಈ ನಾಲ್ಕು ಪದದ ಚೀಟಿ. ಜೋರಾಗಿ ಓದಲು ಹೊರಟವನು 'ಸಾರ್ ಮೊದಲು' ಎಂಬಲ್ಲೇ ನಿಂತೆ. ಯಾರೂ ತಲೆ ಎತ್ತಲಿಲ್ಲ. ಅಕ್ಷರ ನೋಡಿದರೆ ಮೀಟರ್ ಚೀಟಿಯದ್ದೇ. ಯಾರ್ಡ್‌ನಲ್ಲಿ ಸ್ಯಾಂಪಲ್ ತೆಗೆಯುವ ಹುಡುಗನದು, ಅನುಮಾನವೇ ಇಲ್ಲ. ಎರಡು ವರ್ಷದಿಂದ ಮೀಟಿಂಗಿನಲ್ಲಿ ಬಾಯಿ ಬಿಡದವನು. ಇವನಿಗೇನೂ ಹೊಳೆಯಲ್ಲ ಅಂದುಕೊಂಡಿದ್ದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ರಾತ್ರಿ ಮತ್ತೆ ತೆಗೆದು ಓದಿದೆ. 'ಸಾಕು' ಅಂತ ಬರೆದಿದ್ದಾನೆ. ಸಂಬಳ ಕೇಳಿಲ್ಲ, ರಜೆ ಕೇಳಿಲ್ಲ. ಇಷ್ಟಾದರೆ ಸಾಕಂತೆ.

ಗುರುವಾರ ಮತ್ತೆ ಕೂತೆವು. ನಾನು ಕಾಫಿ ಲೋಟ ಹಿಡಿದುಕೊಂಡು ತೆಪ್ಪಗಿದ್ದೆ. ಒಂದು ನಿಮಿಷ, ಎರಡು ನಿಮಿಷ. ಕೊನೆಗೆ ಆ ಹುಡುಗನೇ ಬಾಯಿ ಬಿಟ್ಟ.

"ಸಾರ್, ಹುಷಾರಿಲ್ವಾ?"