ವೈನ್ ಮಾಡುವುದನ್ನು ನೋಡಲು ಎಲ್ಲಿಗೆ ಹೋಗಬೇಕು?

ದಕ್ಷಿಣ ಯುರೋಪಿಗೆ ಹೊರಟವರು, ಸಣ್ಣ ಪ್ರಮಾಣದಲ್ಲಿ ವೈನ್ ತಯಾರಿಸುವವರನ್ನು ಹತ್ತಿರದಿಂದ ನೋಡಬೇಕಾದರೆ ಎಲ್ಲಿಗೆ ಹೋಗಬೇಕೆಂದು ನನ್ನನ್ನು ಕೇಳುತ್ತಲೇ ಇರುತ್ತಾರೆ. ಬಹುತೇಕರು ಇಟಲಿಯ ಟಸ್ಕನಿಯ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳುತ್ತಾರೆ. ಟಸ್ಕನಿಯ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಆದರೂ ನಾನು ಹೇಳುವುದು ಪೋರ್ಚುಗಲ್‌ನ ದಕ್ಷಿಣ ಭಾಗದ ಅಲೆಂತೇಜು ಪ್ರಾಂತ್ಯದಲ್ಲಿರುವ ವಿದಿಗೇಯ್ರಾ ಮತ್ತು ಅದರ ನೆರೆಯ ವಿಲಾ ದ ಫ್ರಾದಿಶ್ ಎಂಬ ಊರುಗಳ ಹೆಸರನ್ನು.

ಕಾರಣ, ಅಲ್ಲಿನ ಗುಡಾಣಗಳು. ರೋಮನ್ನರ ಕಾಲದಿಂದ ಬಂದ ಪದ್ಧತಿಯಂತೆ ಅಲ್ಲಿ ಆಳೆತ್ತರದ ಮಣ್ಣಿನ ಗುಡಾಣಗಳಲ್ಲಿ ವೈನ್ ಮಾಡುತ್ತಾರೆ. ಅವುಗಳನ್ನು ತಾಲ್ಯಾ ಎನ್ನುತ್ತಾರೆ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ರಸ ಜಿನುಗದಂತೆ ಒಳಗೋಡೆಗೆ ಪೈನ್ ಮರದ ರಾಳವನ್ನು, ಹಲವೊಮ್ಮೆ ಜೇನುಮೇಣ ಬೆರೆಸಿ, ಬಿಸಿಯಾಗಿ ಬಳಿಯುತ್ತಾರೆ. ಜಜ್ಜಿದ ದ್ರಾಕ್ಷಿಯನ್ನು ಸಿಪ್ಪೆ, ಬೀಜಗಳ ಸಮೇತ ತುಂಬಿದ ಮೇಲೆ ಹುದುಗುವಿಕೆ ತಾನಾಗಿಯೇ ಶುರುವಾಗುತ್ತದೆ. ಆಗ ಏಳುವ ಅನಿಲ ಸಿಪ್ಪೆಗಳನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪನೆಯ ಮುಚ್ಚಳದಂತೆ ಕಟ್ಟುವುದರಿಂದ, ಮರದ ಕೋಲಿನಿಂದ ಅದನ್ನು ದಿನಕ್ಕೆ ಹಲವು ಬಾರಿ ಕೆಳಗೆ ಒತ್ತಲೇಬೇಕು. ಮರೆತರೆ ಒಳಗಿನ ಒತ್ತಡಕ್ಕೆ ಗುಡಾಣವೇ ಒಡೆದುಹೋಗಬಹುದು. ಹಳೆಯ ವೈನ್ ಮನೆಗಳ ನೆಲ ಸ್ವಲ್ಪ ಇಳಿಜಾರಾಗಿದ್ದು, ತಗ್ಗಿನಲ್ಲಿ ಒಂದು ಗುಡಾಣವನ್ನು ಹೂತಿಟ್ಟಿರುವುದು ಹಾಗೆ ಚೆಲ್ಲಿದ್ದನ್ನು ಹಿಡಿದುಕೊಳ್ಳುವುದಕ್ಕೆ. ಇಂತಹ ವಿವೇಕ ಅನುಭವಿಸಿದವರಿಗೆ ಮಾತ್ರ ಬರುತ್ತದೆ.

ಕೆಲವು ವಾರಗಳಲ್ಲಿ ಸಿಪ್ಪೆಗಳು ತಳಕ್ಕಿಳಿಯುತ್ತವೆ. ಬುಡದ ಬಳಿಯ ತೂತಿಗೆ ನಲ್ಲಿಯನ್ನು ಬಡಿದು ಕೂರಿಸಿದರೆ, ವೈನ್ ಆ ಸಿಪ್ಪೆಗಳ ಪದರದ ಮೂಲಕವೇ ಸೋಸಿಕೊಂಡು ಹೊರಬರುತ್ತದೆ. ಮೊದಲು ಬರುವ ಬಗ್ಗಡವನ್ನು ಮತ್ತೆ ಮೇಲಿನಿಂದ ಸುರಿಯುತ್ತಾರೆ. ಗುಡಾಣ ತೆರೆಯುವ ದಿನ ನವೆಂಬರ್ 11, ಸಂತ ಮಾರ್ಟಿನ್ನನ ಹಬ್ಬ. ಅಲೆಂತೇಜುವಿನ ಗುಡಾಣದ ವೈನಿಗೆ 2010ರಲ್ಲಿ ರೂಪಿಸಿದ ಅಧಿಕೃತ ನಿಯಮಗಳಲ್ಲಿಯೂ ಆ ದಿನದವರೆಗೆ ವೈನ್ ಸಿಪ್ಪೆಯೊಡನೆಯೇ ಇರಬೇಕೆಂಬ ಷರತ್ತಿದೆ.

ರುಚಿ ಎಲ್ಲರಿಗೂ ಹಿಡಿಸುತ್ತದೆಂದು ನಾನು ಭರವಸೆ ಕೊಡಲಾರೆ. ಆಂತಾವ್ ವಾಜ್‌ನಂತಹ ಬಿಳಿ ದ್ರಾಕ್ಷಿಯ ವೈನ್ ಕೂಡ ಇಲ್ಲಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ನಾಲಿಗೆಗೆ ಚೊಗರು ಹತ್ತುತ್ತದೆ, ರಾಳದ ವಾಸನೆ ಸುಳಿಯುತ್ತದೆ. ಬರಿದೇ ಕುಡಿದರೆ ಒರಟೆನಿಸುವ ಇದೇ ವೈನ್, ಕುರಿಹಾಲಿನ ಚೀಸ್, ಆಲಿವ್, ಸುಟ್ಟ ಚೆಸ್ಟ್‌ನಟ್‌ಗಳ ಜೊತೆಯಲ್ಲಿ ಬೇರೆಯೇ ಆಗುತ್ತದೆ.

ನಮಗೆ ಈ ಊರಿನ ನಂಟು ಇನ್ನೊಂದಿದೆ. 1498ರಲ್ಲಿ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ತಂಗಿದ್ದ ವಾಸ್ಕೋ ಡ ಗಾಮ 1519ರಲ್ಲಿ ವಿದಿಗೇಯ್ರಾದ ಕೌಂಟ್ ಆದ. ಕೊಚ್ಚಿಯಲ್ಲಿ ಸತ್ತ ಅವನ ಅವಶೇಷಗಳನ್ನು ಮುಂದೆ ಅಲ್ಲಿಗೇ ಒಯ್ದರು. ಅವನ ಕೃತ್ಯಗಳನ್ನು ಮರೆಯಬೇಕಿಲ್ಲ, ವೈನನ್ನು ಬಿಡಬೇಕಾಗಿಯೂ ಇಲ್ಲ.

ಹೋಗುವುದಾದರೆ ನವೆಂಬರಿನಲ್ಲಿಯೇ ಹೋಗಬೇಕು, ಏಕೆಂದರೆ ಬೇಸಿಗೆಯಲ್ಲಿ ಅಲೆಂತೇಜುವಿನ ಬಿಸಿಲು 40 ಡಿಗ್ರಿಯನ್ನು ದಾಟುವುದುಂಟು, ಹೊಸ ವೈನೂ ಇರುವುದಿಲ್ಲ. ಸೆಪ್ಟೆಂಬರಿನಲ್ಲಷ್ಟೇ ರಜೆ ಸಿಗುವವರಿಗೆ ಮಾತ್ರ ನಾನು ಉತ್ತರದ ದೋರು ಕಣಿವೆಯನ್ನು ಸೂಚಿಸುತ್ತೇನೆ. ಅಲ್ಲಿ ಕೆಲವರು ಇಂದಿಗೂ ಪೋರ್ಟ್ ವೈನಿನ ದ್ರಾಕ್ಷಿಯನ್ನು ಕಲ್ಲಿನ ತೊಟ್ಟಿಗಳಲ್ಲಿ ಕಾಲಿನಿಂದಲೇ ತುಳಿಯುತ್ತಾರೆ.